ಕೂವೆಮರ ಬೀಳಿಸುತ್ತಿದ್ದ ನಮ್ಮಣ್ಣ

ನಮ್ಮಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಹಡಗಿನ ಕೂಲಿಯಾಗಿದ್ದಾಗ ಮೇಸ್ತ್ರಿಯ ಎರಡು ಹಲ್ಲು ಉದುರಿಸಿ ಕೆಲಸ ಕಳೆದುಕೊಂಡು ಬಂದ ಪುಣ್ಯಾತ್ಮ. ಹಗ್ಗ ಹಿಡಿಯುವುದು ಬಿಟ್ಟರೆ ಬೇರೆ ವಿದ್ಯೆ ಬಾರದು, ಹಾಗಾಗಿ ನಾಟಕ ಕಂಪನಿ ಸೇರಿದ. ರಂಗದ ಮೇಲಿನ ಅಟ್ಟದಲ್ಲಿ ನಿಂತು ಪರದೆ ಎಳೆಯುವುದು, ಮೋಡ ಇಳಿಸುವುದು ಅವನ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಅವನೂ ನಾನೂ ಸೇರಿ ಬೆಳೆಸಿದೆವು. ನಾನು ಅದೇ ಕಂಪನಿಯಲ್ಲಿ ಉಡುಪು ಹೊಲಿಯುವವಳು. ಅವಳೂ ನನ್ನ ಪಕ್ಕದಲ್ಲೇ ಸೂಜಿ ಹಿಡಿದಳು. ಕೂಸಾಗಿದ್ದ ಮಗಳ ತಲೆ ಮುಟ್ಟಿ ಮಾತು ಕೊಟ್ಟಿದ್ದಕ್ಕೆ ಇಪ್ಪತ್ತೆರಡು ವರ್ಷ ಅಣ್ಣ ಯಾರ ಮೇಲೂ ಕೈ ಎತ್ತಲಿಲ್ಲ.

ಕಂಪನಿಗೆ ಅನ್ನ ಹಾಕುತ್ತಿದ್ದುದು ಒಂದು ಹಾಡಿನ ನಗೆನಾಟಕ. ಹಡಗಿನ ಕಪ್ತಾನನ ಮಗಳು ಡೆಕ್ಕು ತೊಳೆಯುವವನನ್ನು ಪ್ರೀತಿಸುತ್ತಾಳೆ. ಕಪ್ತಾನ ಎಗರಾಡುತ್ತಾನೆ. ಕೊನೆಗೆ ಬಿರುಗಾಳಿಯಲ್ಲಿ ಬುದ್ಧಿ ಬಂದು ‘ಒಲವಿಗ್ಯಾವ ಮೇಲು ಕೀಳು’ ಎಂದು ಮೂರು ಸಲ ಹಾಡುತ್ತಾನೆ. ಕಪ್ತಾನನ ಪಾತ್ರ ಕಂಪನಿ ಯಜಮಾನರದ್ದು, ಡೆಕ್ಕು ತೊಳೆಯುವವನು ಅವರ ಮಗ. ಮೂರನೆಯ ಸಲ ಹಾಡಿ ಯಜಮಾನರು ರಂಗದ ಮೇಲೆ ಹಾಕಿದ ಸುಣ್ಣದ ಗುರುತಿನಿಂದ ಹಿಂದಕ್ಕೆ ನೆಗೆದೊಡನೆ ಅಣ್ಣ ಹಗ್ಗ ಬಿಡಬೇಕು. ಹಾಯಿ ಕಟ್ಟುವ ಕೂವೆಮರ, ನಿಜವಾದ ತೇಗದ ದಿಮ್ಮಿ, ಆ ಗುರುತಿನ ಮೇಲೆ ಧಡಾರೆಂದು ಬೀಳುತ್ತದೆ. ಬಿರುಗಾಳಿಗೆಂದು ಹಾಕುವ ಹೊಗೆಯಲ್ಲಿ ಮೇಲಿನಿಂದ ಏನೂ ಕಾಣದು. ಅಣ್ಣನಿಗೆ ಕಿವಿಯೇ ಕಣ್ಣು. ಯಜಮಾನರು ಹಾಡುತ್ತಿದ್ದಾರೆಂದರೆ ಗುರುತಿನ ಮೇಲೆ ನಿಂತಿದ್ದಾರೆ, ಮೂರನೆಯ ಹಾಡು ಮುಗಿದರೆ ನೆಗೆದರು ಎಂದೇ ಅರ್ಥ.

ಯಜಮಾನರ ಮಗನಿಗೂ ನಮ್ಮ ಹುಡುಗಿಗೂ ಮನಸ್ಸು ಕೂಡಿತ್ತು. ಒಂದು ಮಧ್ಯಾಹ್ನ, ಆಟಕ್ಕೆ ಮುಂಚೆ, ಅದು ಯಜಮಾನರ ಕಿವಿಗೆ ಬಿತ್ತು. ಉಡುಪಿನ ಕೋಣೆಗೆ ನುಗ್ಗಿದವರೇ ಹುಡುಗಿಯ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದರು.

“ಹಗ್ಗ ಎಳೆಯೋನ ಮಗಳಿಗೆ ನನ್ನ ಮನೆ ಸೊಸೆಯಾಗೋ ಆಸೆನಾ?”

ಕೈಯಲ್ಲಿದ್ದ ಕಪ್ತಾನನ ಹಿತ್ತಾಳೆ ದುರ್ಬೀನು ಬೀಸಿ ಹಣೆ ಒಡೆದರು. ರಕ್ತ ಕಣ್ಣಿಗಿಳಿಯಿತು. ಅಡ್ಡ ಬಂದ ನನಗೂ ಒದೆ ಬಿತ್ತು. ಮಗ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ, ಅಡ್ಡ ಬರಲಿಲ್ಲ. ಆಟದ ಗಂಟೆ ಹೊಡೆಯಿತು, ಅಪ್ಪ ಮಗ ಇಬ್ಬರೂ ರಂಗಕ್ಕೆ ನಡೆದರು. ಥೂ, ಅದೂ ಒಂದು ಗಂಡು ಜನ್ಮವೇ ಅಂದುಕೊಂಡೆ.

“ಅತ್ತೆ, ಅಪ್ಪಂಗೆ ಹೇಳ್ಬೇಡ, ನಿನ್ ಕಾಲಿಗೆ ಬೀಳ್ತೀನಿ,” ಎಂದಳು ಹುಡುಗಿ.

ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ! ಕೊನೆಯ ಅಂಕದ ಹೊತ್ತಿಗೆ ಅಟ್ಟದ ಏಣಿ ಹತ್ತಿ ಎಲ್ಲ ಒದರಿಬಿಟ್ಟೆ.

“ಆ ಹುಡುಗ ಏನ್ಮಾಡ್ತಿದ್ದ?” ಎಂದ ಅಣ್ಣ.

“ಕಲ್ಲಿನ ಹಾಗೆ ನಿಂತಿದ್ದ.”

ಅಣ್ಣ ತೊಗಲಿನ ಕೈಗವಸು ಕಿತ್ತೆಸೆದ. “ಮೂರನೇ ಸಲ ಹಾಡೋಕೆ ಬಿಡಲ್ಲ ಆ ಯಜಮಾನನ್ನ.”

“ಅಣ್ಣಾ, ಜೈಲಿಗೆ ಹೋಗ್ತೀಯ! ಅವಳಿಗೆ ಆಮೇಲೆ ಯಾರು ದಿಕ್ಕು?” ಎಂದು ತೋಳು ಹಿಡಿದೆ. ಮೊಣಕೈಯಿಂದ ಎದೆಗೆ ತಿವಿದ. ಹಲಗೆಯ ಮೇಲೆ ಬಿದ್ದೆ.

ಕೆಳಗೆ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಮೊದಲ ಸಲ ಹಾಡಿದಾಗ ಮಗ ಮಂಡಿಯೂರುವ ಬದಲು ಅಪ್ಪನ ಕೊರಳಪಟ್ಟಿ ಹಿಡಿದು ಗುರುತಿನಿಂದ ಆಚೆ ಎಳೆದ. ಬಾಯಿಗೆ ಗುದ್ದಿದ, ತುಟಿ ಹರಿಯಿತು. ಇದೂ ನಾಟಕವೆಂದುಕೊಂಡು ಸಭೆ ಬಿದ್ದು ಬಿದ್ದು ನಕ್ಕಿತು. ಯಜಮಾನರು ಹಳೇ ನಟ, ಪ್ರಾಣ ಹೋದರೂ ಹಾಡು ನಿಲ್ಲಿಸುವವರಲ್ಲ. ರಕ್ತ ಉಗುಳಿ ಎರಡನೆಯ ಸಲ ಹಾಡುತ್ತಲೇ ಮಗನ ಹೊಟ್ಟೆಗೆ ಒದ್ದರು. ಅವನು ಹಿಮ್ಮುಖವಾಗಿ ಸುಣ್ಣದ ಗುರುತಿನ ಮೇಲೆ ಬಿದ್ದ.

ಮೇಲೆ ಅಣ್ಣನಿಗೆ ಕೇಳಿಸಿದ್ದು ಹಾಡು ಮತ್ತು ನಗು ಮಾತ್ರ. ಹಗ್ಗ ಬಿಟ್ಟ.

ಹಗ್ಗ ಸುರ್ರನೆ ಓಡುತ್ತಿದ್ದಾಗ ಹುಡುಗನ ಕೂಗು ಕೇಳಿತು: “ಅವಳ ಮೇಲೆ ಕೈ ಮಾಡ್ತೀಯಾ? ಕೊಂದೇ ಹಾಕ್ತೀನಿ ನಿನ್ನ!” ದನಿ ಬಂದದ್ದು ಕೂವೆಮರದ ನೇರ ಕೆಳಗಿನಿಂದ.

“ಅಯ್ಯಯ್ಯೋ!” ಎಂದು ಅಣ್ಣ ಓಡುವ ಹಗ್ಗವನ್ನು ಬರಿಗೈಯಲ್ಲಿ ಹಿಡಿದ. ಅಂಗೈ ಚರ್ಮ, ಮಾಂಸ ಕಿತ್ತು ಹಗ್ಗಕ್ಕೆ ಮೆತ್ತಿಕೊಂಡವು. ಬಿಡಲಿಲ್ಲ. ದಿಮ್ಮಿ ಹುಡುಗನ ಭುಜದ ಮೂಳೆ ಮುರಿದು ಅಲ್ಲಿಗೇ ನಿಂತಿತು. ಜೀವ ಉಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹುಡುಗ ಅಪ್ಪನ ಮನೆ ಬಿಟ್ಟು ಬಂದ. ಮದುವೆಯಾಯಿತು. ಹಗ್ಗ ಜಾರಿತು, ಅಣ್ಣ ಹಿಡಿದು ಉಳಿಸಿದ ಎಂದೇ ಎಲ್ಲರೂ ನಂಬಿದರು. ಮಗಳು ದಿನಾ ಬಂದು ಆ ಮಡಚಲಾಗದ ಕೈಗಳಿಗೆ ಮದ್ದು ಹಚ್ಚಿ, ಕಣ್ಣಿಗೊತ್ತಿಕೊಂಡು, “ನಮ್ಮಪ್ಪ ದೇವರು,” ಎನ್ನುತ್ತಿದ್ದಳು. ಅಣ್ಣ ಅನ್ನದ ತಟ್ಟೆಯನ್ನು ಮೊಣಕೈಯಿಂದ ಪಕ್ಕಕ್ಕೆ ದೂಡುತ್ತಿದ್ದ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟ.

“ಜಾರಿದ್ದಲ್ಲ ಕಣಮ್ಮಾ. ನಾನೇ ಬಿಟ್ಟೆ. ನಿನ್ನ ಮಾವನ್ನ ಕೊಲ್ಲೋಕೆ ಬಿಟ್ಟೆ.”

ಅವಳು ಅರ್ಧ ಸುತ್ತಿದ ಬಟ್ಟೆ ಹಾಗೇ ಬಿಟ್ಟು ಎದ್ದು ಹೋದಳು. ನಾಲ್ಕು ದಿನ ಬರಲಿಲ್ಲ. ನಾನು ಕೈ ಹಾಕಿದರೆ ಅಣ್ಣ ಮುಟ್ಟಗೊಡಲಿಲ್ಲ.

ಐದನೆಯ ದಿನ ಬಂದಳು. ಕೀವು ತೊಳೆದು ಬಟ್ಟೆ ಸುತ್ತಿದಳು.

“ನೋಯ್ತಿದೆಯಾ?”

“ನೋಯ್ತಿದೆ ಕಣಮ್ಮಾ.”

“ನೋಯ್ಲಿ,” ಎಂದು ಬಿಗಿಯಾಗಿ ಗಂಟು ಹಾಕಿದಳು. ಆಮೇಲೆ ತಟ್ಟೆ ಎಳೆದುಕೊಂಡು ತುತ್ತು ಕಲಸಿ ಅವನ ಬಾಯಿಗಿಟ್ಟಳು.