ಹೊಳಿ ಬಂದ ಪಂಚಮಿ

ಆಗೆಲ್ಲ ಅಂಕಲಿಯಲ್ಲಿ ಪಂಚಮಿ ಹತ್ತಿರ ಬಂತೆಂದರೆ ಓಣಿಯ ತುಂಬ ಜೋಳದ ಅಳ್ಳು ಹುರಿಯುವ ವಾಸನೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿ ನನ್ನನ್ನು ತೂಗುತ್ತಿದ್ದವಳು ಆಯಿ, ಅಪ್ಪನ ತಾಯಿ. ಶೇಂಗಾ ಉಂಡಿ ಕಟ್ಟುವಾಗಲೂ ಅವಳ ಮಾತು ನಿಲ್ಲುತ್ತಿರಲಿಲ್ಲ.

ನಾನು ಮೂರನೆಯ ಇಯತ್ತೆಯಲ್ಲಿದ್ದ ವರ್ಷ, ಹಬ್ಬದ ಮರುದಿನ ಬೆಳಿಗ್ಗೆ ಕೃಷ್ಣಾ ಹೊಳಿ ಉಕ್ಕಿ ಓಣಿಯೊಳಗೇ ಬಂತು. ಅಪ್ಪ ದನಗಳನ್ನು ಹೊಡೆದುಕೊಂಡು ಮೊದಲೇ ಎತ್ತರದ ಜಾಗಕ್ಕೆ ಹೋಗಿದ್ದ. ಜನರನ್ನು ಸಾಗಿಸಲು ಎರಡು ಡೀಸೆಲ್ ಬೋಟು ಬಂದವು. ಅವ್ವ ತಮ್ಮನನ್ನು ಎತ್ತಿಕೊಂಡು ಮುಂದಿನದರಲ್ಲಿ ಹೋದಳು. ಹಿಂದಿನದರಲ್ಲಿ ನಾನು, ಆಯಿ. ಲೈಟಿನ ಕಂಬದ ಹತ್ತಿರ ನಮ್ಮ ಬೋಟಿನ ಹಗ್ಗ ಸಿಕ್ಕಿಕೊಂಡು ಬೋಟು ಒಂದು ಕಡೆ ವಾಲಿತು. ನೀರು ನನ್ನ ತೊಡೆಯ ಮೇಲೆ ಬಂತು. ಆಯಿ ನನ್ನನ್ನು ಅವಚಿಕೊಂಡು ಕಿವಿಗೆ ಬಾಯಿ ಹಚ್ಚಿ ಮಾತಾಡತೊಡಗಿದಳು. ಬೋಟಿನವನು ಕುಡಗೋಲಿನಿಂದ ಹಗ್ಗ ಕೊಯ್ದ ಮೇಲೂ, ದಂಡೆ ಮುಟ್ಟುವ ತನಕ, ಬಿಡದೆ ಮಾತಾಡಿದಳು. ನಾನು ಅಳಲಿಲ್ಲವಂತೆ.

ದಂಡೆಯಲ್ಲಿ ಅವ್ವ ಕೇಳಿದಳು, "ಅಷ್ಟೊತ್ತು ಹುಡುಗಿಗೆ ಏನ್ ಹೇಳಾಕತ್ತಿದ್ರಿ ಅತ್ತಿ?"

"ಅದು ನಮ್ಮಿಬ್ಬರ ಮಾತ. ಆಕಿಗೆ ಗೊತ್ತೈತಿ ಬಿಡ," ಅಂದಳು ಆಯಿ.

ಆ ಚಳಿಗಾಲದಲ್ಲಿ ಮುಗಳಖೋಡದ ಮಗಳ ಮನೆಗೆ ಹೋದ ಆಯಿ ಅಲ್ಲೇ ತೀರಿಕೊಂಡಳು.

ಬೋಟಿನಲ್ಲಿ ಅವಳು ಏನು ಹೇಳಿದಳೋ ನನಗೆ ಗೊತ್ತಿಲ್ಲ. ಒಂದು ಮಾತೂ ನೆನಪಿಲ್ಲ. ಡೀಸೆಲ್ ವಾಸನೆ ನೆನಪಿದೆ, ಒದ್ದೆ ಹಗ್ಗ ನೆನಪಿದೆ, ಆ ಕುಡಗೋಲಿನ ಮುಕ್ಕಾದ ಅಂಚೂ ಕಣ್ಣಿಗೆ ಕಟ್ಟಿದೆ. ಕಬ್ಬಿನ ಹೊಲದಲ್ಲಿ ಯಾರಾದರೂ ಡೀಸೆಲ್ ಪಂಪು ಚಾಲೂ ಮಾಡಿದರೆ ಈಗಲೂ ಅಂಗೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಚಿಕ್ಕೋಡಿಯ ಡಾಕ್ಟರಬಾಯಿಯನ್ನು ಕೇಳಿದೆ. "ಜೀವ ಅಂಜಿದಾಗ ಮಿದುಳು ಅಪಾಯ ಎಲ್ಲೈತೋ ಅದನ್ನಷ್ಟ ಗಟ್ಟಿ ಹಿಡಕೋತೈತ್ರಿ. ಸುತ್ತಲಿಂದು ಬಹಳಷ್ಟು ಕೈಬಿಡತೈತಿ," ಅಂದರು. ಅದು ಜೀವ ಉಳಿಸುವ ಉಪಾಯವಂತೆ. ನನಗೆ ಸಿಟ್ಟೇ ಬಂತು. ಆ ಹೊತ್ತು ನನ್ನನ್ನು ಹಿಡಿದಿಟ್ಟದ್ದು ಆಯಿಯ ಮಾತು. ಅದನ್ನು ಬಿಟ್ಟು ಹಾಳು ಕುಡಗೋಲನ್ನು ಇಟ್ಟುಕೊಂಡು ಏನು ಮಾಡಲಿ? ಆಯಿ ಆಮೇಲಾದರೂ ಅದನ್ನು ಹೇಳಿದ್ದಳೇ ಎಂದು ಅವ್ವನನ್ನು ಕೇಳಿ ಕೇಳಿ ಅವಳಿಗೂ ಬೇಸರ ಬಂದಿದೆ.

ಹೋದ ಮಳೆಗಾಲದಲ್ಲಿ ಹೊಳಿ ಮತ್ತೆ ಏರಿತು. ಟ್ರ್ಯಾಕ್ಟರಿನಲ್ಲಿ ಊರು ಬಿಡುವಾಗ ನನ್ನ ಮಗಳು ಗಡಗಡ ನಡುಗುತ್ತಿದ್ದಳು. ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕಿವಿಗೆ ಬಾಯಿ ಹಚ್ಚಿದೆ. ಏನು ಹೇಳಬೇಕೋ ತಿಳಿಯಲಿಲ್ಲ. ಅಂಜಬ್ಯಾಡ, ಅಂಜಬ್ಯಾಡ ಎಂದು ಅದನ್ನೇ ಹೇಳುತ್ತ ಹೋದೆ.

ಮಗಳು ಹೊರಳಿ ನನ್ನ ಮುಖ ನೋಡಿದಳು. "ಅವ್ವಾ, ನೀನೂ ಅಂಜೀಯೇನ?"