ಅಳುವ ಕೆಲಸ

ಭಾನು ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ತಂದೆ ತಾಯಿ ಇಬ್ಬರೂ ಮೈಸೂರಿನಿಂದ ಹೋದ ಡಾಕ್ಟರುಗಳು. ಮಗಳೂ ಡಾಕ್ಟರಾಗುತ್ತಾಳೆಂದು ಅವರು ಅವಳನ್ನು ಕೇಳದೆಯೇ ನಿಶ್ಚಯ ಮಾಡಿದ್ದರು. ಅವಳು ನಾಟಕಶಾಲೆ ಸೇರಿದಳು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ‘ಬ್ರಿಂಡ್ಲಿ ರೋ’ ಎಂಬ ಇಂಗ್ಲಿಷ್ ಟೀವಿ ಧಾರಾವಾಹಿಯಲ್ಲಿ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂರುವ ಮೀನಾಳ ಪಾತ್ರ ಸಿಕ್ಕಿತು. ಮೂರು ವಾರಕ್ಕೆಂದು ಬರೆದ ಪಾತ್ರ ಹನ್ನೊಂದು ವರ್ಷ ನಡೆಯಿತು.

ಆ ಹನ್ನೊಂದು ವರ್ಷದಲ್ಲಿ ಮೀನಾ ಎರಡು ಸಲ ಮದುವೆಯಾದಳು, ಒಂದು ಮಗು ಕಳೆದುಕೊಂಡಳು, ಯಾರೋ ಮಾಡಿದ ಕಳ್ಳತನಕ್ಕೆ ಜೈಲಿಗೆ ಹೋಗಿಬಂದಳು. ಭಾನುಗೆ ಒಂದು ವಿದ್ಯೆ ಕೈಗೂಡಿತು. ನಿರ್ದೇಶಕ ಹತ್ತು ಎಣಿಸುವಷ್ಟರಲ್ಲಿ ಅವಳ ಕಣ್ಣು ತುಂಬಿ ಬರುತ್ತಿತ್ತು. ಮೊದಲ ಹನಿ ಇಂಥ ಕಣ್ಣಿನಿಂದಲೇ ಬೀಳಲಿ ಎಂದು ಕೇಳಿದವರೂ ಇದ್ದರು. ಅಂಗಡಿಗೆ ಹೋದರೆ ಗುರುತಿಲ್ಲದ ಹೆಂಗಸರು ಅವಳ ತೋಳು ಸವರಿ ಸಮಾಧಾನ ಹೇಳುತ್ತಿದ್ದರು. ತಾಯಿ ಮಾತ್ರ ಧಾರಾವಾಹಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡೇ ನೋಡುತ್ತಿದ್ದಳು. ಕೂತು ನೋಡಿದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ!

ಆಮೇಲೆ ಹೊಸ ನಿರ್ಮಾಪಕ ಬಂದ. ಒಂದು ಗುರುವಾರ ಮೀನಾ ವ್ಯಾನಿಗೆ ಸಿಕ್ಕಿ ಸತ್ತಳು. ಮುಂದಿನ ಮೂರು ವರ್ಷ ಭಾನುಗೆ ಸಿಕ್ಕಿದ್ದು ಚಿಲ್ಲರೆ ಪಾತ್ರಗಳು. ಲಂಡನ್ನಿನಲ್ಲಿ ನೆಂಟರ ಮದುವೆಯೊಂದರಲ್ಲಿ ತಿರುಮಲೇಶನ ಪರಿಚಯವಾಯಿತು. ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನ ಗೋದಾಮುಗಳಿಗೆ ಸಾಮಾನು ಸಾಗಿಸುವ ಬೆಲ್ಟುಗಳನ್ನು ಕೂಡಿಸಿಕೊಡುವ ಇಂಜಿನಿಯರು. ಅವಳ ಧಾರಾವಾಹಿಯ ಒಂದು ಕಂತನ್ನೂ ಅವನು ನೋಡಿರಲಿಲ್ಲ. ಅದೇ ಅವಳಿಗೆ ಹಿಡಿಸಿತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಅವನ ಜೊತೆ ಅಮೆರಿಕಕ್ಕೆ ಬಂದಳು.

ಶಿಕಾಗೋದಲ್ಲಿ ಪಾತ್ರ ಕೇಳಲು ಹೋದ ಕಡೆಯಲ್ಲೆಲ್ಲ, “ಸ್ವಲ್ಪ ಇಂಡಿಯನ್ ಥರ ಮಾತಾಡಿ” ಅನ್ನುತ್ತಿದ್ದರು. ಅವಳ ನಾಲಗೆ ಲೆಸ್ಟರಿನದು. ಎರಡು ಜಾಹೀರಾತು ಸಿಕ್ಕಿ ಮೂರನೆಯದು ಕೈತಪ್ಪಿತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಜಯಾ ಅನ್ನುವ ಹಿರಿಯ ಡಾಕ್ಟರು ಅವಳ ಪಕ್ಕ ಕೂತರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು.

“ಭಾನು, ನಮ್ಮ ಕಾಲೇಜಲ್ಲಿ ಪೇಷಂಟ್ ಆಗ್ತೀಯಾ?”

“ನಂಗೇನಾಗಿದೆ ಆಂಟಿ?”

“ಏನೂ ಆಗಿಲ್ಲ. ಅದಕ್ಕೇ ಕೇಳ್ತಿರೋದು.”

ಕೆಲಸ ಇಷ್ಟೇ: ವಿದ್ಯಾರ್ಥಿಗಳು ನಿಜವಾದ ರೋಗಿಗಳ ಹತ್ತಿರ ಹೋಗುವ ಮೊದಲು ನಟರ ಮೇಲೆ ಅಭ್ಯಾಸ ಮಾಡುತ್ತಾರೆ. ಪರೀಕ್ಷೆಯೂ ಹಾಗೆಯೇ. ಭಾನು ವಾರಕ್ಕೊಂದು ಕಾಯಿಲೆ ಬಾಯಿಪಾಠ ಮಾಡಿದಳು. ಎದೆನೋವು, ತಲೆಸುತ್ತು, ಗಂಡ ಹೊಡೆದದ್ದನ್ನು ಮುಚ್ಚಿಡುವ ಹೆಂಗಸು. ನಿಯಮ ಒಂದೇ, ಎಲ್ಲ ವಿದ್ಯಾರ್ಥಿಗಳಿಗೂ ಅದೇ ಮಾತು, ಅದೇ ಅಳು, ಒಂದು ಚೂರೂ ಹೆಚ್ಚುಕಮ್ಮಿ ಇರಕೂಡದು. ಹನ್ನೊಂದು ವರ್ಷ ಮೀನಾ ಆಗಿದ್ದವಳಿಗೆ ಅದೇನೂ ಕಷ್ಟವಾಗಲಿಲ್ಲ. ಒಳ್ಳೆಯ ಹೆಸರು ಬಂತು.

ಹೋದ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ, ಕಾಫಿ ಸೋಸುತ್ತಿರುವಾಗ ಲೆಸ್ಟರಿನ ಆಸ್ಪತ್ರೆಯಿಂದ ಫೋನು ಬಂತು. ತಾಯಿ ತೀರಿಕೊಂಡಿದ್ದಳು. ಭಾನು “ಥ್ಯಾಂಕ್ಯೂ” ಅಂದಳು. ಆಮೇಲೆ, “ಅಮ್ಮನ ಕನ್ನಡಕ ಎಲ್ಲಿದೆ?” ಎಂದು ಕೇಳಿದಳು. ಊರಿಗೆ ಹೋಗಿ ಎಲ್ಲ ಮುಗಿಸಿಕೊಂಡು ಬಂದಳು. ಅಲ್ಲೂ ಅಳಲಿಲ್ಲ.

ಬಂದ ನಾಲ್ಕನೆಯ ದಿನ ಪರೀಕ್ಷೆ. ಅವಳದು ಆಪರೇಷನ್ನಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಡತಿಯ ಪಾತ್ರ. ಸುದ್ದಿ ಹೇಳುವುದು ವಿದ್ಯಾರ್ಥಿಯ ಪರೀಕ್ಷೆ. ಏಳು ಜನ ಬಂದು ಹೇಳಿದರು, ಏಳು ಸಲವೂ ಭಾನು ತಪ್ಪದೆ ಅತ್ತಳು. ಎಂಟನೆಯವಳು ಜಾನ್ವಿ, ಇಲ್ಲೇ ಸ್ಕೋಕಿಯಲ್ಲಿ ಹುಟ್ಟಿ ಬೆಳೆದ ಕನ್ನಡದವರ ಹುಡುಗಿ. ಕುರ್ಚಿ ಹತ್ತಿರ ಎಳೆದುಕೊಂಡಳು, ಫೋನು ಒಳಗಿಟ್ಟಳು, ಸುದ್ದಿಯನ್ನು ನೇರವಾಗಿ, ಮೆತ್ತಗೆ ಹೇಳಿದಳು. ಎಲ್ಲ ಸರಿಯಾಗಿಯೇ ಮಾಡಿದಳು. ಕೈ ಟಿಶ್ಯೂ ಡಬ್ಬಿಯ ಮೇಲಿತ್ತು.

“ಥ್ಯಾಂಕ್ಯೂ,” ಅಂದಳು ಭಾನು. “ಅವರ ಕನ್ನಡಕ ಎಲ್ಲಿದೆ?”

ಜಾನ್ವಿ ತಬ್ಬಿಬ್ಬಾದಳು. ನೋಡಿಕೊಂಡು ಬರುತ್ತೇನೆಂದು ಎದ್ದು ಹೊರಗೇ ಹೋದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಫೇಲಾದಳು, ದೂರು ಕೊಟ್ಟಳು.

ವಿಭಾಗ ನೋಡಿಕೊಳ್ಳುವ ಕ್ಯಾರೊಲ್ ಪರೀಕ್ಷೆಯ ವಿಡಿಯೊ ಎರಡು ಸಲ ನೋಡಿ ಭಾನುವನ್ನು ಕರೆಸಿದಳು. “ಏಳು ಜನಕ್ಕೆ ಒಬ್ಬ ಹೆಂಡತಿ, ಎಂಟನೆಯವಳಿಗೆ ಬೇರೆ ಹೆಂಡತಿ. ಇದನ್ನ ಪರೀಕ್ಷೆ ಅನ್ನೋದು ಹೇಗೆ?” ಜಾನ್ವಿಗೆ ಮರುಪರೀಕ್ಷೆ ಆಯಿತು. ಭಾನು ಪರೀಕ್ಷೆಯ ಪಟ್ಟಿಯಿಂದ ಹೊರಬಿದ್ದಳು.

“ಬೇಕು ಅಂತ ಮಾಡಿದ್ಯಾ?” ತಿರುಮಲೇಶ ಕೇಳಿದ.

“ಇಲ್ಲ. ಅಳು ಬರುತ್ತೆ ಅಂತ ಕಾದೆ. ಬರ್ಲಿಲ್ಲ. ಆ ಮಗು ಕಷ್ಟಪಟ್ಟು ಓದ್ಕೊಂಡು ಬಂದಿತ್ತು. ತಪ್ಪು ನಂದೇ.”

ಅವನು ತಣ್ಣಗಾಗಿದ್ದ ಸಾರನ್ನು ಬಿಸಿಗಿಟ್ಟ.

ಕೂಟದಲ್ಲಿ ಒಂದೆರಡು ತಿಂಗಳು ಜಾನ್ವಿಯ ತಾಯಿ ಭಾನುವನ್ನು ಮಾತಾಡಿಸಲಿಲ್ಲ. ಜಾನ್ವಿಯೇ ಒಂದು ದಿನ ತಟ್ಟೆ ಹಿಡಿದುಕೊಂಡು ಬಂದು ಎದುರು ಕೂತಳು. ಭಾನು ಕ್ಷಮೆ ಕೇಳಿದಳು. ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು: “ಆಂಟಿ, ನಾನು ನಿಜವಾಗ್ಲೂ ಹುಡುಕ್ತಾ ಇದ್ದೆ. ಕಾರಿಡಾರಲ್ಲಿ ಅರ್ಧ ದೂರ ಹೋದಮೇಲೆ ನೆನಪಾಯ್ತು, ಗಂಡನೇ ಇಲ್ಲ ಅಂತ.” ಇಬ್ಬರಿಗೂ ನಗು ಬಂತು. ಭಾನುಗೆ ನಗುತ್ತಲೇ ಕಣ್ಣೀರು ಸುರಿಯತೊಡಗಿತು. ಅದು ನಿಲ್ಲಲು ಸುಮಾರು ಹೊತ್ತು ಹಿಡಿಯಿತು. ಜಾನ್ವಿ ತಟ್ಟೆ ಬದಿಗಿಟ್ಟು, ಎದ್ದು ಬಂದು ಪಕ್ಕದಲ್ಲಿ ಕೂತಳು.

ಆ ವಿಡಿಯೊವನ್ನು ಪಾಠಕ್ಕೆ ಬಳಸಬೇಕೆಂದು ಜಯಾ ಹಟ ಹಿಡಿದರು. ಸುದ್ದಿ ಕೇಳಿದವರೆಲ್ಲ ಅಳುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಗೊತ್ತಿರಬೇಕು ಎಂಬುದು ಅವರ ವಾದ. ಕ್ಯಾರೊಲ್ ಒಪ್ಪಿದಳು, ಪರೀಕ್ಷೆಗೆ ಮಾತ್ರ ಬೇಡವೆಂದಳು. ಭಾನುಗೆ ಹೊಸ ನಟರನ್ನು ತಯಾರು ಮಾಡುವ ಕೆಲಸ ಬಂತು. ಈಗ ತಿಂಗಳಿಗೆ ಎರಡು ಸಲ ಅವಳು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಡೆಟ್ರಾಯಿಟ್ ಹತ್ತಿರದ ಇನ್ನೊಂದು ಕಾಲೇಜಿಗೂ ಹೋಗುತ್ತಾಳೆ.

ಅಲ್ಲಿ ಈ ಸಲ ಸೇರಿದವರಲ್ಲಿ ಧಾರವಾಡದ ಗುರುಸಿದ್ದ ಒಬ್ಬರು. ಕಾರು ಕಂಪನಿಯಲ್ಲಿ ಮೂವತ್ತು ವರ್ಷ ಬ್ರೇಕುಗಳನ್ನು ಪರೀಕ್ಷೆ ಮಾಡಿ ನಿವೃತ್ತರಾದವರು. ಹೊಟ್ಟೆನೋವಿನ ಪಾತ್ರ ಕೊಟ್ಟರೆ ಮೊದಲ ದಿನವೇ ಕುರ್ಚಿಯಿಂದ ಕೆಳಗೆ ಬಿದ್ದು ಹೊರಳಾಡಿದರು.

“ಅಷ್ಟೆಲ್ಲ ಬೇಡ ಅಂಕಲ್,” ಅಂದಳು ಭಾನು. “ಬರೀ ಕೂತ್ಕೊಳ್ಳಿ. ಎಲ್ಲಿ ನೋವು ಅಂತ ಅವರೇ ಹುಡುಕ್ಲಿ.”

“ಸುಮ್ನ ಕುಂತ್ರ ಅವರಿಗೆ ಹ್ಯಾಂಗ ಗೊತ್ತಾಗ್ಬೇಕ್ರೀ?”

“ಗೊತ್ತಾಗೋ ಹಾಗೆ ಅವರು ಕೇಳ್ಬೇಕು. ಅದನ್ನ ಕಲಿಯೋಕೇ ಬಂದಿದಾರೆ.”

ಗುರುಸಿದ್ದ ಎದ್ದು ಅಂಗಿ ಕೊಡವಿಕೊಂಡರು, ಕುರ್ಚಿಯ ತುದಿಯಲ್ಲಿ ಕೂತರು, ಒಂದು ಕೈಯನ್ನು ಹೊಟ್ಟೆಯ ಹತ್ತಿರ ಸುಮ್ಮನೆ ಇಟ್ಟುಕೊಂಡರು. ಭಾನು ಬಾಗಿಲು ತೆರೆದು ಮೊದಲನೆಯ ವಿದ್ಯಾರ್ಥಿಯನ್ನು ಒಳಕ್ಕೆ ಕರೆದಳು.