ಎಫಿ ಕೇಳಿ ಕಂಡ ಬೆಟ್ಟ

ಎಫಿ ಲಮಾಂಟ್ ಹುಟ್ಟಿದ್ದು ಪಡುವಣ ಕಡಲಿನ ಒಂದು ಚಪ್ಪಟೆ ದ್ವೀಪದಲ್ಲಿ. ಇಪ್ಪತ್ತನೆಯ ವಯಸ್ಸಿಗೆ ನಮ್ಮ ಕಣಿವೆಯ ತಂಗುಮನೆಗೆ ಅಡುಗೆ ಕೆಲಸಕ್ಕೆ ಬಂದರು. ಬಂದ ಮೊದಲ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಬೆನ್ ಗಾರವ್ ಬೆಟ್ಟ. ಮೂರು ಸಾವಿರ ಅಡಿಗೂ ಮೀರಿದ ಕಪ್ಪು ಬಂಡೆ, ಆಕಾಶಕ್ಕೆ ಜಾಗವೇ ಇಲ್ಲದ ಹಾಗೆ ನಿಂತಿತ್ತು. ಎಫಿ ತಕ್ಷಣ ಪರದೆ ಎಳೆದುಬಿಟ್ಟರಂತೆ. ಆ ಪರದೆ ಎರಡು ವಾರ ಹಾಗೇ ಇತ್ತು ಎಂದು ಆ ಮನೆಯ ಮಗ ಡೂಗಲ್ ಆಮೇಲೆ ಎಲ್ಲರಿಗೂ ಹೇಳಿ ನಗುತ್ತಿದ್ದ. ಮೂರನೆಯ ವರ್ಷ ಎಫಿ ಅವನನ್ನೇ ಮದುವೆಯಾದರು.

ನಾನು ಆ ಕಣಿವೆಯಲ್ಲಿ ಇಪ್ಪತ್ತಾರು ವರ್ಷ ಅಂಚೆ ಹಂಚಿದವನು. ಕೊನೆಯ ಮನೆ ಅವರದೇ ಆದ್ದರಿಂದ ನನ್ನ ಚಹಾ ಅಲ್ಲೇ. ನಾಲ್ಕು ದಶಕ ಎಫಿ ಆ ಬೆಟ್ಟ ಹತ್ತಲು ಬಂದವರಿಗೆಲ್ಲ ಉಣಿಸಿದರು. ಬೆಳಿಗ್ಗೆ ಉಪ್ಪು ಹಾಕಿದ ಓಟ್ಸ್ ಗಂಜಿ, ಸಂಜೆ ಕುರಿಮಾಂಸ ಬಾರ್ಲಿಯ ಗಟ್ಟಿ ಸಾರು, ಜಿಂಕೆ ಮಾಂಸ, ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಸಿಹಿ ಕಡುಬು. ಆದರೆ ತಾವು ಮಾತ್ರ ಬೆಟ್ಟಕ್ಕೆ ಕಾಲಿಡಲಿಲ್ಲ. ಯಾಕೆ ಎಂದು ನಾನು ಕೇಳಿದರೆ, "ಗಂಜಿಗೂ ಸಾರಿಗೂ ಮಧ್ಯ ಇರೋದು ರೊಟ್ಟಿ, ಹಾಸಿಗೆ, ಒಗೆಯೋ ಬಟ್ಟೆ. ಬೆಟ್ಟ ಇಲ್ಲ ಲಾಕ್ಲನ್," ಎನ್ನುತ್ತಿದ್ದರು.

ಆದರೆ ಅವರದೊಂದು ಪದ್ಧತಿ ಇತ್ತು. ಕಡುಬು ಬಡಿಸಿದ ಮೇಲೆ ಕೈ ಒರೆಸಿಕೊಂಡು ಮೇಜಿನ ತುದಿಗೆ ಕೂತು, "ಈಗ ಹೇಳಿ, ಏನು ನೋಡಿದ್ರಿ?" ಎಂದು ಕೇಳುತ್ತಿದ್ದರು. "ಚೆನ್ನಾಗಿತ್ತು" ಎಂದರೆ ಬಿಡುವವರಲ್ಲ. ತೊರೆ ದಾಟುವಾಗ ಎಷ್ಟು ಕಲ್ಲು? ಪಾಚಿ ಎಲ್ಲಿಂದ ಶುರು? ಗಾಳಿ ಯಾವ ಕೆನ್ನೆಗೆ ಹೊಡೀತು? ಅತಿಥಿಗಳು ನಗುತ್ತ ನಗುತ್ತ ನೆನಪು ಮಾಡಿಕೊಂಡು ಹೇಳುತ್ತಿದ್ದರು. ಒಳ್ಳೆ ತಲೆಹರಟೆ ಹೆಂಗಸು ಎಂದುಕೊಂಡವರೂ ಇದ್ದರು.

ಅವರಿಗೆ ಅರವತ್ತಾದ ವರ್ಷ, ಅಕ್ಟೋಬರ್‌ನಲ್ಲಿ, ಗ್ಲಾಸ್ಗೋ ಕಡೆಯ ಒಬ್ಬ ತಂದೆ ಮತ್ತು ಅವನ ದೊಡ್ಡ ಮಗಳು ಐಲ್ಸಾ ಬೆಳಿಗ್ಗೆ ಬೆಟ್ಟಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಅಂಗಳದ ಗೋಡೆಯೇ ಕಾಣದಂಥ ಮಂಜು. ಎರಡೂವರೆಗೆ ತಂಗುಮನೆಯ ಫೋನು ಬಡಿಯಿತು. ಐಲ್ಸಾ. ಅಪ್ಪನ ಪಾದ ಉಳುಕಿದೆ, ದಾರಿ ತಪ್ಪಿದೆ, ಎಲ್ಲಿದ್ದೇವೋ ಗೊತ್ತಿಲ್ಲ. ಅವಳ ಮೊಬೈಲಿನ ಬ್ಯಾಟರಿಯೂ ಮುಗಿಯುತ್ತ ಬಂದಿತ್ತು. ಅದನ್ನು ಆರಿಸಿಡು, ಒಂದು ಗಂಟೆ ಬಿಟ್ಟು ಮತ್ತೆ ಮಾಡು ಎಂದು ಎಫಿ ಹೇಳಿದರು.

ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಇಳಿಸಿ ತರುವ ನಮ್ಮ ತಂಡದ ಏಳು ಜನ ಅಷ್ಟರಲ್ಲಿ ಅಡುಗೆಮನೆ ಸೇರಿದೆವು. ಫಾರ್ಕರ್ ನಮ್ಮ ಮುಖಂಡ. ಇನ್ನೂರು ಸಲ ಆ ಬೆಟ್ಟ ಹತ್ತಿದವನು. ನಕಾಶೆ ಹರಡಿ, "ದಕ್ಷಿಣದ ಕಡೆಯ ಏರಿನ ಮೇಲಿದಾರೆ. ಎಲ್ರೂ ತಪ್ಪೋದು ಅಲ್ಲೇ," ಎಂದ. ಹೊರಡುವಷ್ಟರಲ್ಲಿ ಮತ್ತೆ ಫೋನು ಬಂತು. ಎಫಿ ಹಿಟ್ಟಿನ ಕೈಯಲ್ಲೇ ಎತ್ತಿಕೊಂಡರು.

"ಕೇಳು ಮಗಳೇ. ನೀರಿನ ಸದ್ದು ಇದೆಯಾ?"

ಇದೆಯಂತೆ, ಕೆಳಗಡೆ, ಬಲಕ್ಕೆ.

"ಕಾಲ ಕೆಳಗೆ ಕಲ್ಲು ಯಾವ ಬಣ್ಣ?"

ಕೆಂಪಂತೆ.

"ಸುತ್ತ ಕೈ ಆಡಿಸು. ಕಬ್ಬಿಣ ಏನಾದ್ರೂ ಸಿಗತ್ತಾ?"

ಒಂದು ತುಕ್ಕು ಹಿಡಿದ ಕಂಬ ಇದೆ, ವಾಲಿಕೊಂಡಿದೆ ಎಂದಳು ಹುಡುಗಿ.

ಎಫಿಯ ಮುಖದ ಬಣ್ಣವೇ ಹೋಯಿತು. ಆದರೆ ದನಿ ಬದಲಾಗಲಿಲ್ಲ. "ಆ ಕಂಬದ ಬುಡದಲ್ಲೇ ಕೂತ್ಕೊಳ್ಳಿ ಇಬ್ರೂ. ಅಪ್ಪನ್ನ ತಬ್ಬಿಕೊಂಡಿರು. ಮಂಜು ಹರಿದ್ರೂ ಸರಿ, ಒಂದು ಹೆಜ್ಜೆ ಇಡಬೇಡ." ಫೋನು ಸತ್ತುಹೋಯಿತು.

ಎಫಿ ನಮ್ಮ ಕಡೆ ತಿರುಗಿದರು. "ಉತ್ತರದ ಕಡೆ ಇದಾರೆ. ಕಪ್ಪು ಪ್ರಪಾತದ ನೆತ್ತಿ ಮೇಲೆ."

"ಎಫಿ, ನೀವು ಆ ಬೆಟ್ಟಕ್ಕೆ ಕಾಲೇ ಇಟ್ಟಿಲ್ಲ," ಎಂದ ಫಾರ್ಕರ್.

"ಇಟ್ಟಿಲ್ಲ. ನೀನು ಇನ್ನೂರು ಸಲ ಇಟ್ಟಿದೀಯ. ಅಲ್ಲಿ ಹಳೇ ಬೇಲಿ ಕಂಬ ಎಷ್ಟಿವೆ ಹೇಳು ನೋಡೋಣ."

ಫಾರ್ಕರ್ ನಕಾಶೆಯ ಮೇಲೆ ಬೆರಳಾಡಿಸಿದ.

"ಮೂರು. ಪರ್ತ್ ಊರಿನ ಗಡಿಯಾರ ರಿಪೇರಿಯವನು ಹೇಳಿದ್ದ. ಪ್ರಪಾತದ ಅಂಚಿನ ಮೂರನೇದು ವಾಲಿದೆ ಅಂತ ಡಚ್ ದಂಪತಿ ಹೇಳಿದ್ರು, ಅದಕ್ಕೆ ಒರಗಿ ಚಹಾ ಕುಡಿದಿದ್ರಂತೆ. ಕೆಂಪು ಕಲ್ಲು ಅಲ್ಲಿ ಬಿಟ್ರೆ ಆ ಬೆಟ್ಟದಲ್ಲಿ ಎಲ್ಲೂ ಇಲ್ಲ. ಬೇರೆ ಕಡೆ ಕಂಡೆ ಅಂತ ನಲವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಹೇಳಿಲ್ಲ."

ಹೊರಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಫಾರ್ಕರ್ ನಕಾಶೆ ನೋಡಿದ, ಎಫಿಯನ್ನು ನೋಡಿದ. ಆಮೇಲೆ ನಕಾಶೆ ಮಡಚಿದ. "ಉತ್ತರಕ್ಕೆ," ಎಂದ.

ಎರಡು ಗಂಟೆ ಹತ್ತಿದೆವು. ಮುಂದಿನವನ ಬೆನ್ನು ಬಿಟ್ಟರೆ ನನಗೆ ಬೇರೇನೂ ಕಾಣಲಿಲ್ಲ. ಕೆಂಪು ಕಲ್ಲು ಕಾಲಿಗೆ ಸಿಕ್ಕಿತು. ಮೊದಲ ಕಂಬ, ಎರಡನೆಯದು. ಮೂರನೆಯದರ ಬುಡದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ತಬ್ಬಿ ಕೂತಿದ್ದರು. ಅಪ್ಪನಿಗೆ ಕಂಬಳಿ ಹೊದಿಸುತ್ತಿರುವಾಗ ಗಾಳಿ ಬೀಸಿ ಮಂಜು ಒಂದು ಗಳಿಗೆ ಹರಿಯಿತು. ಐಲ್ಸಾಳ ಬೂಟಿನಿಂದ ನಾಲ್ಕು ಹೆಜ್ಜೆ ಆಚೆ ನೆಲವೇ ಇರಲಿಲ್ಲ. ಎಷ್ಟೋ ನೂರು ಅಡಿ ಕೆಳಗೆ ಒಂದು ಕೊಳ, ಕರೀ ಗಾಜಿನ ತುಂಡಿನ ಹಾಗೆ. ಫಾರ್ಕರ್ ಟೋಪಿ ತೆಗೆದ. ಅದು ಬೆಟ್ಟಕ್ಕೋ, ಕೆಳಗೆ ಒಲೆ ಮುಂದೆ ಇದ್ದವರಿಗೋ, ನಾನು ಕೇಳಲಿಲ್ಲ.

ಆ ರಾತ್ರಿ ಒಲೆಯ ಪಕ್ಕ ಕೂತು ಐಲ್ಸಾ ಮೂರು ಬಟ್ಟಲು ಸಾರು ಕುಡಿದಳು. ಎಫಿ ಬಂದು ಕೂತರು. "ಈಗ ಹೇಳು, ಏನು ನೋಡಿದೆ?"

"ಏನೂ ಇಲ್ಲ. ಬರೀ ಬಿಳಿ."

"ಎಂಥ ಬಿಳಿ? ಹಾಲಿಂದಾ, ಬೂದಿದಾ?"

ಹುಡುಗಿ ಅಳುತ್ತಲೇ ನಕ್ಕಳು. "ಮೊದಲು ಹಾಲು. ಆಮೇಲೆ ಬೂದಿ."

ಮರುವರ್ಷ ಜೂನ್‌ನಲ್ಲಿ ಫಾರ್ಕರ್ ಒಂದು ಜೊತೆ ಹೊಸ ಬೂಟು ತಂದು ಎಫಿಯ ಮೇಜಿನ ಮೇಲೆ ಇಟ್ಟ. "ನಾಳೆ ಬಿಸಿಲಿದೆ. ಸಾರು ಡೂಗಲ್ ಮಾಡ್ಕೋತಾನೆ," ಎಂದ. ಎಫಿ ಬಹಳ ಹೊತ್ತು ಬೂಟಿನ ದಾರ ನೋಡಿದರು. "ಸರಿ," ಎಂದರು.

ಹತ್ತುವಾಗ ಫಾರ್ಕರ್ ಮತ್ತು ನಾನು ಹಿಂದೆ, ಅವರು ಮುಂದೆ. "ಈಗ ತೊರೆ ಬರತ್ತೆ. ಐದು ಕಲ್ಲು, ನಾಲ್ಕನೇದು ಅಲ್ಲಾಡತ್ತೆ." ಅಲ್ಲಾಡಿತು. "ಈ ತಿರುವಿಗೆ ಗಾಳಿ ಎಡಗೆನ್ನೆಗೆ." ಹಾಗೇ ಆಯಿತು. ಫಾರ್ಕರ್ ನನ್ನ ಮುಖ ನೋಡಿದ.

ನೆತ್ತಿ ಮುಟ್ಟಿದಾಗ ಮಾತ್ರ ಅವರ ಬಾಯಿ ನಿಂತಿತು. ಬೆಟ್ಟದ ಹಿಂದೆ ಬೆಟ್ಟ, ನೀಲಿಯ ಹಿಂದೆ ನೀಲಿ, ಅದರಾಚೆ ಬಿಸಿಲು ಕುಡಿದ ಕಡಲು. ಎಫಿ ಒಂದು ಬಂಡೆಯ ಮೇಲೆ ಕೂತು ಎರಡೂ ಕೈ ಕಲ್ಲಿನ ಮೇಲೆ ಊರಿದರು.

"ಇಷ್ಟು ಅಂತ ಯಾರೂ ಹೇಳಲಿಲ್ವಲ್ಲೋ," ಎಂದರು ಮೆಲ್ಲಗೆ. "ಎಲ್ಲಾನೂ ಹೇಳಿದ್ರು. ಇದೊಂದು ಬಿಟ್ಟು."

ಎರಡು ಗಂಟೆ ಕಳೆದರೂ ಅವರು ಎದ್ದೇಳಲಿಲ್ಲ. ನಮಗೆ ಚಳಿ ಹತ್ತಿ ಹಲ್ಲು ಕಟಕಟ ಎನ್ನುತ್ತಿತ್ತು. ಎಬ್ಬಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಆ ಬೇಸಿಗೆಯಲ್ಲಿ ಎಫಿ ಇನ್ನೂ ಹನ್ನೊಂದು ಸಲ ಹತ್ತಿದರು. ಆ ದಿನಗಳಲ್ಲೆಲ್ಲ ಸಾರು ಡೂಗಲ್‌ನದು. ಅತಿಥಿಗಳು ತಲೆ ತಗ್ಗಿಸಿ ಉಂಡರು. ಇನ್ನೊಂದು ಸೌಟು ಯಾರೂ ಕೇಳಲಿಲ್ಲ.